ಮಾರವಾ ನಿಂತ ಜಾಗ

ನಮ್ಮ ಕಡೆ ಒಂದು ಮನೆಯಲ್ಲಿ ಸಾವಾದರೆ ಬಾಗಿಲ ಮುಂದೆ ಮೈಕ್ ಹಚ್ಚುತ್ತಾರೆ. ತತ್ವಪದ, ಭಜನೆಪದ ಜೋರಾಗಿ ಹಾಕಿದರೆ ಯಾವ ಓಣಿಯಲ್ಲಿ ಸಾವಾಗಿದೆ ಎಂದು ಊರಿಗೆ ಗೊತ್ತಾಗುತ್ತದೆ. ನಮ್ಮವರು ತೀರಿಕೊಂಡ ದಿನ ಆ ಕೆಲಸವನ್ನು ಯಾರೂ ಹೇಳದೆ ತಾನೇ ಹೊತ್ತುಕೊಂಡವನು ನನ್ನ ನಾದಿನಿಯ ಗಂಡ. ನರಗುಂದದಲ್ಲಿ ಅವನದು ಶಾಮಿಯಾನ, ಸೌಂಡು ಬಾಡಿಗೆಗೆ ಕೊಡುವ ಅಂಗಡಿ. ಮೆರವಣಿಗೆಗಳಿಗೆ ಕಳಿಸುವ ಆಳೆತ್ತರದ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ರೋಣಕ್ಕೆ ಬಂದು, ನಮ್ಮ ಬಾಗಿಲಿನ ಎರಡೂ ಬದಿಗೆ ಒಂದರ ಮೇಲೊಂದು ಇಟ್ಟ. ಪ್ರೀತಿಯಿಂದಲೇ ಮಾಡಿದ. ಅದು ನನಗೆ ಆಗಲೂ ಗೊತ್ತಿತ್ತು.

ಆದರೆ ಆ ಸದ್ದು! ಹಾಡುವವನ ದನಿ ಹಳೆಯ ಅರಿವೆಯಂತೆ ಪರ್‍ರನೆ ಹರಿಯುತ್ತಿತ್ತು. ತಾಳದ ಸದ್ದು ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡ್ರಿಸಿದ್ದ ಇವರ ಕೊರಳಿನ ಹಾರದ ಎಸಳುಗಳು ಒಂದೊಂದು ಬಡಿತಕ್ಕೂ ನಡುಗುತ್ತಿದ್ದವು. ಮಣ್ಣಿಗೆ ಬಂದ ಹೆಂಗಸರು ನನ್ನನ್ನು ತಬ್ಬಿಕೊಂಡು ಅಳುತ್ತಿದ್ದರು. ಅವರ ಬಾಯಿ ಕಾಣುತ್ತಿತ್ತು, ಅಳು ಕೇಳುತ್ತಿರಲಿಲ್ಲ. ನನಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಚೊಕ್ಕ ದನಿಗಾಗಿ ಇಷ್ಟು ವರ್ಷ ಆಸೆಪಟ್ಟ ಮನುಷ್ಯನನ್ನು ಇಂಥ ಹೊಲಸು ಸದ್ದಿನಲ್ಲಿ ಅದ್ದಿ ಕಳಿಸುತ್ತಿದ್ದೇವಲ್ಲ ಎಂದು. ನೀರು ಕುಡಿಯಲು ಒಳಕೋಣೆಗೆ ಹೋದೆ. ಅಲ್ಲಿ ಇವರ ಎರಡು ಸ್ಪೀಕರುಗಳು ಬಿಳಿ ಬಟ್ಟೆ ಹೊದ್ದು ನಿಂತಿದ್ದವು. ಒಂದರ ಮೇಲೆ ಯಾರೋ ಚಹಾ ಕುಡಿದು ಕಪ್ಪು ಇಟ್ಟು ಹೋಗಿದ್ದರು. ಬಟ್ಟೆಯ ಮೇಲೆ ಕಪ್ಪಿನ ಗಾತ್ರದ ಕಂದು ಬಳೆ ಮೂಡಿತ್ತು. ನಾನು ಕಪ್ಪು ಎತ್ತಿದೆ, ಆಮೇಲೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮತ್ತೆ ಪಡಸಾಲೆಗೆ ಬಂದು ಕೂತೆ.

ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಇವರ ಮೂಲ ಊರು ಜಕ್ಕಲಿ. ಹೊಲವನ್ನು ಪಾಲಿಗೆ ಹಾಕಿ, ಮದುವೆಗೆ ಮೊದಲೇ ರೋಣಕ್ಕೆ ಬಂದು ಗಿರಣಿ ಇಟ್ಟವರು. ಹಗಲೆಲ್ಲ ಬೆಲ್ಟು, ಕಲ್ಲು, ಮೋಟರಿನ ಗದ್ದಲದಲ್ಲಿ ನಿಂತು ಕಿವಿ ಮಂದವಾಗಿದ್ದವು. ಸಣ್ಣನೆಯ, ಎತ್ತರದ ದನಿಗಳು ಇನ್ನು ನಿಮಗೆ ಕೇಳುವುದಿಲ್ಲ ಎಂದು ಗದಗಿನ ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಅಂಥವರು ಹಿಂದೂಸ್ತಾನಿ ಸಂಗೀತ ಕೇಳಲಿಕ್ಕೆಂದು ಆಂಪ್ಲಿಫಯರು, ಸ್ಪೀಕರು, ಇಂಟರ್ನೆಟ್ಟಿನಿಂದ ಹಾಡು ಎಳೆದುಕೊಳ್ಳುವ ಒಂದು ಕರಿ ಪೆಟ್ಟಿಗೆ ಎಲ್ಲ ತಂದು ಕೂಡಿಸಿದಾಗ ಗಿರಣಿಗೆ ಬರುವವರಿಗೆಲ್ಲ ನಗೆ. ಲಕ್ಕಲಕಟ್ಟಿಯ ಒಬ್ಬ ಹಳೆಯ ಗಿರಾಕಿ ಚೀಲ ಇಳಿಸುತ್ತಾ ಕೇಳಿಯೇ ಬಿಟ್ಟ.

"ಜ್ವಾಳ ಸಣ್ಣಗ ಬೀಸ್ರಿ ಅಂದ್ರ ದಪ್ಪ ಬೀಸ್ತೀರಿ. ನಿಮಗ ತಂಬೂರಿ ಕೇಳಸ್ತೈತನ್ರಿ?"

"ನಿನ್ನ ಮಾತ್ ಕೇಳಬಾರದಂತನ ಕಿವಿ ಮಂದ ಮಾಡ್ಕೊಂಡೀನಿ. ತಂಬೂರಿಗೆ ಅಂತ ಬ್ಯಾರೆ ಇಟ್ಟೀನಿ," ಎಂದರು ಇವರು.

ಲಾಸ್‌ಲೆಸ್ ಎಂಬ ಶಬ್ದವನ್ನು ನಾನು ಕೇಳಿದ್ದು ಇವರ ಬಾಯಿಂದಲೇ. ನಾನು ಹತ್ತನೆಯ ಇಯತ್ತೆ ಮುಗಿಸಿದವಳು, ಅದರ ಅರ್ಥ ಕೇಳಿದೆ. ಇವರು ಗಿರಣಿಯ ಭಾಷೆಯಲ್ಲೇ ಹೇಳಿದರು. ಉಳಿದ ಕಡೆ ಹಾಡು ಕಳಿಸುವಾಗ ಜರಡಿ ಹಿಡಿಯುತ್ತಾರಂತೆ, ಹಗುರಾಗಲಿ ಎಂದು. ಜರಡಿಯಲ್ಲಿ ಉಳಿದದ್ದನ್ನು ಚೆಲ್ಲುತ್ತಾರೆ. ಇದರಲ್ಲಿ ಜರಡಿಯೇ ಇಲ್ಲ. ಬೀಸಿದ್ದು ಬೀಸಿದ ಹಾಗೇ ಬರುತ್ತದೆ. ನನಗೆ ಅದು ತಿಳಿಯಿತು. ಆದರೆ ಜರಡಿಯಲ್ಲಿ ಉಳಿಯುವಂಥದ್ದು ಏನೆಂದು ಒಂದು ಸಲ ಕೇಳಿಸಿದರು. ಹಾಡುವ ಮುದುಕ ಆಲಾಪದ ನಡುವೆ ಗಂಟಲು ಕೆರೆದು ಕಫ ನುಂಗಿದ್ದು, ಪಕ್ಕದವರು ಯಾರೋ ಎಲೆ ಅಡಿಕೆ ಜಗಿದ ಚಪ್ಪರಿಕೆ, ಎಲ್ಲ ನಮ್ಮ ಪಡಸಾಲೆಯಲ್ಲೇ ಆದ ಹಾಗಿತ್ತು. ಥೂ, ಇದನ್ನ ಕೇಳಾಕ ಇಷ್ಟ್ ದೊಡ್ಡ ಪೆಟಿಗಿ ಬೇಕಾ ಎಂದು ನಾನು ಎದ್ದು ಹೋದೆ. ಇವರು ನಕ್ಕರು. ತಮಗೆ ಅದೆಲ್ಲ ಅರ್ಧವೂ ಕೇಳುವುದಿಲ್ಲ, ಆದರೆ ಅದು ಅಲ್ಲಿದೆ ಎಂದು ಗೊತ್ತಿದ್ದರೆ ಸಾಕು ಎಂದರು.

ಸಂಜೆ ಗಿರಣಿ ನಿಲ್ಲಿಸಿ, ತಲೆಯ ಮೇಲಿನ ಹಿಟ್ಟು ತೊಳೆದುಕೊಂಡು, ಬಿಳಿ ಬನಿಯನ್ನು ಹಾಕಿಕೊಂಡು ಬಂದು ಕೂಡುತ್ತಿದ್ದರು. ಕೂಡುವ ಮೊದಲು ಅಡುಗೆಮನೆಯ ಕಡೆ ಮುಖ ಮಾಡಿ ರಾಗದ ಹೆಸರು ಹೇಳುತ್ತಿದ್ದರು, ಸಂತೆಯಿಂದ ಇವತ್ತು ಯಾವ ಕಾಯಿಪಲ್ಲೆ ತಂದೆನೆಂದು ಹೇಳುವವರಂತೆ. ಇವತ್ತ ಯಮನ್. ಇವತ್ತ ಪೂರಿಯಾ. ನನಗೆ ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂತರ ತಿಳಿಯುತ್ತಿರಲಿಲ್ಲ. ಆ ಹೊತ್ತು ನಾನು ರೊಟ್ಟಿ ಬಡಿಯುತ್ತಿರುತ್ತಿದ್ದೆ. ನನ್ನ ಕೈಯ ಸದ್ದಿನ ಸಂದಿಯಲ್ಲಿ ಎಷ್ಟು ಕೇಳುತ್ತದೋ ಅಷ್ಟೇ ನನ್ನ ಸಂಗೀತ.

ಇವರ ಸುಖಕ್ಕೆ ಅಡ್ಡ ಬರುತ್ತಿದ್ದದ್ದು ನರಗುಂದ. ಈ ಸಂಗೀತದ ಕಂಪನಿಯಲ್ಲಿ ಇವರ ಹೆಸರಿನಲ್ಲಿ ಖಾತೆ ತೆರೆದುಕೊಟ್ಟವನು ನಾದಿನಿಯ ಗಂಡನೇ. ತೆರೆಯುವಾಗ ಪಾಸ್‌ವರ್ಡನ್ನು ತಾನೇ ಬರೆದ, ತನ್ನ ಫೋನಿಗೂ ಹಾಕಿಕೊಂಡ, ನಾದಿನಿಯ ಫೋನಿಗೂ ಹಾಕಿದ, ಅಂಗಡಿಯ ಫೋನಿಗೂ ಹಾಕಿದ. ಮನೆ ಮಂದಿಗೆಲ್ಲ ಬೇರೆ ಬೇರೆ ಖಾತೆ ಯಾಕೆ ಎಂಬುದು ಅವನ ಲೆಕ್ಕ. ನಮ್ಮೆಲ್ಲರ ಲೆಕ್ಕವೂ ಅದೇ ಆಗಿತ್ತು. ಆದರೆ ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಕೇಳಬಹುದು. ಇವರು ಕಣ್ಣು ಮುಚ್ಚಿ ಕೂತಾಗ, ಆಲಾಪದ ನಡುವೆ ದನಿ ಕಡಿದುಬೀಳುತ್ತಿತ್ತು. ನರಗುಂದದಲ್ಲಿ ಯಾರೋ ಡಿಜೆ ಹಾಡು ಒತ್ತಿರುತ್ತಿದ್ದರು.

ಇವರು ಒಂದು ದಿನವೂ ಫೋನು ಮಾಡಿ ಹೇಳಲಿಲ್ಲ. ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಮುಗೀಲಿ ಬಿಡು, ಮೆರವಣಿಗಿ ಇರಬೇಕು ಎನ್ನುತ್ತಿದ್ದರು. ನನಗೆ ಸಿಟ್ಟಿಗಿಂತ ಹೇಸಿಗೆಯಾಗುತ್ತಿತ್ತು. ಒಂದೇ ತಾಟಿನಲ್ಲಿ ಎಲ್ಲರೂ ಕೈ ಹಾಕಿ ಉಣ್ಣುವುದನ್ನು ಕಂಡರೆ ಆಗುವಂಥ ಹೇಸಿಗೆ. ಇವರು ಆಯ್ದು ಆಯ್ದು ಕೇಳಿದ ರಾಗಗಳ ಪಕ್ಕದಲ್ಲೇ ಅವರು ಕೇಳಿದ ಕುಣಿತದ ಹಾಡುಗಳು ಸಾಲಾಗಿ ನಿಂತಿರುತ್ತಿದ್ದವು. ಎಂಜಲು ಎಂದರೆ ಬರೀ ಅನ್ನದ್ದೇ ಅಲ್ಲ ಎಂದು ನಾನು ಒಂದು ಸಲ ಹೇಳಿದೆ. ತಂಗಿ ಮನೆಯ ಎಂಜಲು ಎಂಜಲಲ್ಲ ಎಂದು ಮಾತು ಮುಗಿಸಿದರು.

ಆ ದಿನ ಇವರು ಹೇಳಿದ್ದು, "ಇವತ್ತ ಮಾರವಾ."

ನಾನು ರೊಟ್ಟಿ ಬಡಿಯುತ್ತಿದ್ದೆ. ಎಷ್ಟು ಹೊತ್ತು ಹಾಡು ನಡೆಯಿತೋ ಗೊತ್ತಿಲ್ಲ. ಗಿರಣಿಯ ಬಾಗಿಲಲ್ಲಿ ಯಾರೋ ಕೂಗಿದರು. ಮನೆಗೆ ಬೀಗರು ಬಂದಿದ್ದಾರೆ, ಒಂದು ಡಬ್ಬಿ ಜೋಳ ಬೀಸಿಕೊಡಿರಿ ಎಂದು ಒಬ್ಬ ಹೆಂಗಸಿನ ದನಿ. ಹಾಡು ನಿಂತಿತು. ಇವರು ಬಂದೆ ಎಂದರು. ಮೋಟರು ಶುರುವಾಯಿತು, ಕಲ್ಲಿಗೆ ಕಾಳು ಬಿದ್ದ ಸದ್ದಾಯಿತು. ಆಮೇಲೆ ಕಲ್ಲು ಖಾಲಿ ತಿರುಗತೊಡಗಿತು. ಗಿರಣಿ ಮನೆಯಲ್ಲಿ ಬಾಳಿದವರಿಗೆ ಖಾಲಿ ಕಲ್ಲಿನ ಸದ್ದು ನಿದ್ದೆಯಲ್ಲೂ ಎಬ್ಬಿಸುತ್ತದೆ. ಯಾರೂ ಅದನ್ನು ಹಾಗೆ ತಿರುಗಲು ಬಿಡುವುದಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ. ಇವರು ಹಿಟ್ಟಿನ ಚೀಲಗಳಿಗೆ ಒರಗಿ ಕೂತಿದ್ದರು. ಆ ಹೆಂಗಸು ಬಾಗಿಲಲ್ಲಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತಿದೆ ಎಂದರು.

ಇವರ ದಿನಕಾರ್ಯ ಮುಗಿಯುವ ಮೊದಲೇ ಅದೇ ಹೆಂಗಸು ಬಂದು ಹೊಸ್ತಿಲ ಹೊರಗೆ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. "ಹಿಟ್ಟ ಬ್ಯಾಡ್ರಿ ಅಕ್ಕಾರ, ಡಬ್ಬಿ ಅಷ್ಟ ಕೊಡ್ರಿ," ಎಂದಳು. ಸಾಯುವವರ ಕೈ ಬಿದ್ದ ಹಿಟ್ಟು ಅವಳಿಗೆ ಬೇಡವಾಗಿತ್ತು. ನಾನು ಹಿಟ್ಟನ್ನು ಮೊರದಲ್ಲಿ ಸುರಿದುಕೊಂಡು, ಡಬ್ಬಿ ತೊಳೆದು ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಹಿಡಿದುಕೊಂಡಳು, ಬರಿ ಕೈಯಲ್ಲಿ ಮುಟ್ಟಲಿಲ್ಲ. ಆ ಹಿಟ್ಟಿನಲ್ಲಿ ನಾನು ರೊಟ್ಟಿ ಮಾಡಿ ಉಂಡೆ. ಯಾರಿಗೂ ಹೇಳಲಿಲ್ಲ.

ನಮಗೆ ಒಬ್ಬಳೇ ಮಗಳು. ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ, ಅವಳ ಗಂಡನ ಮನೆಯಲ್ಲಿ ಕೈಮಗ್ಗಗಳಿವೆ. ಬಂದವರೆಲ್ಲ ಹೋದ ಮೇಲೆ ಅವಳು ಒಳಕೋಣೆ ಕಸ ಗುಡಿಸುವಾಗ ಕರಿ ಪೆಟ್ಟಿಗೆಯ ಮುಂದೆ ಕೂತು ನನ್ನನ್ನು ಕರೆದಳು. ಪೆಟ್ಟಿಗೆಯ ಪರದೆ ಕಪ್ಪಾಗಿತ್ತು. ಮೂಲೆಯಲ್ಲಿ ಮಾತ್ರ ಒಂದು ಸಣ್ಣ ಹಳದಿ ದೀಪ ಉರಿಯುತ್ತಿತ್ತು.

"ಅವ್ವಾ, ಅಪ್ಪ ಇದನ್ನ ಬಂದ್ ಮಾಡಿಲ್ಲ. ನಿಂದರಿಸಿ ಹೋಗ್ಯಾನ. ಹಾಡು ಒಳಗ ಅಲ್ಲೇ ಐತಿ."

ನಾನು ಮುಟ್ಟಲು ಹೋದೆ. ಅವಳು ನನ್ನ ಕೈ ಹಿಡಿದಳು. ಮುಟ್ಟಿದರೆ ಅಲ್ಲಿಂದ ಮುಂದಕ್ಕೆ ಹಾಡತೊಡಗುತ್ತದೆ, ಆ ಜಾಗ ಹೋಗುತ್ತದೆ ಎಂದಳು. ಮುಟ್ಟದೆ ಬಿಟ್ಟರೆ ಎಷ್ಟು ದಿನ ಬೇಕಾದರೂ ಹಾಗೇ ಇರುತ್ತದಂತೆ. ನರಗುಂದದವರು ತಮ್ಮ ಫೋನಿನಲ್ಲಿ ಏನು ಕೇಳಿಕೊಂಡರೂ ಪೆಟ್ಟಿಗೆಯೊಳಗಿನದು ಅಳಿಯುವುದಿಲ್ಲ. ಆದರೆ ಕರೆಂಟು ಪೂರಾ ಹೋದರೆ ಅಳಿಯುತ್ತದೆ. ನರಗುಂದದಲ್ಲಿ ಯಾರಾದರೂ ತಪ್ಪಿ ತಮ್ಮ ಫೋನಿನಲ್ಲಿ ನಮ್ಮ ಪೆಟ್ಟಿಗೆಯ ಹೆಸರು ಒತ್ತಿದರೆ ಅವರ ಹಾಡು ಇಲ್ಲಿ ಬಂದು ಕೂಡುತ್ತದೆ. ಪಾಸ್‌ವರ್ಡ್ ಬದಲಿಸಿ ಅವರನ್ನು ಹೊರಗೆ ಹಾಕೋಣವೆಂದರೆ ಪೆಟ್ಟಿಗೆಯೂ ಹೊರಗೆ ಬೀಳುತ್ತದೆ, ಅದರ ಜೊತೆ ಜಾಗವೂ ಹೋಗುತ್ತದೆ.

ಅಂದಿನಿಂದ ಆ ಹಳದಿ ದೀಪ ನನ್ನ ಜವಾಬ್ದಾರಿಯಾಯಿತು. ಗಿರಣಿಯನ್ನು ಬೇರೆಯವರಿಗೆ ನಡೆಸಲು ಕೊಟ್ಟೆ. ಇವರ ಅಂಗಿ ಧೋತರ ಕೇಳಿದವರಿಗೆ ಕೊಟ್ಟೆ. ಆದರೆ ಪೆಟ್ಟಿಗೆಯ ವೈರನ್ನು ಇನ್ವರ್ಟರಿಗೆ ಹಾಕಿಸಿದೆ, ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುವುದನ್ನು ಕಲಿತೆ. ಇವರ ಫೋನನ್ನು ದಿನವೂ ಚಾರ್ಜಿಗೆ ಇಟ್ಟೆ. ಇವರು ಎದ್ದು ಬಂದು ಉಳಿದದ್ದನ್ನು ಕೇಳುತ್ತಾರೆಂದು ನಾನೇನೂ ನಂಬಿರಲಿಲ್ಲ. ನನಗೆ ಅಷ್ಟು ಬುದ್ಧಿ ಇದೆ. ಇವರ ಬೆರಳು ಈ ಮನೆಯಲ್ಲಿ ಕೊನೆಯದಾಗಿ ಮಾಡಿದ ಕೆಲಸ ಅದು, ಇನ್ನೂ ಮಾಡಿದ ಹಾಗೇ ಇತ್ತು. ಉಳಿದದ್ದೆಲ್ಲವನ್ನೂ ಯಾರೋ ಒಬ್ಬರು ಬಂದು ಮುಗಿಸಿದ್ದರು: ಕಲ್ಲನ್ನು ನಿಲ್ಲಿಸಿದ್ದರು, ಕಣ್ಣು ಮುಚ್ಚಿದ್ದರು, ಮಣ್ಣು ಮಾಡಿದ್ದರು. ಇದೊಂದನ್ನು ಯಾರೂ ಮುಗಿಸಬಾರದು ಎಂದು ನನ್ನ ಹಟ.

ಮಾತಾಡಿಸಲು ಬಂದವರನ್ನು ಕಾಯುವುದೇ ಒಂದು ಕೆಲಸವಾಯಿತು. ದುಃಖದ ಮನೆಗೆ ಬಂದವರಿಗೆ ಪೆಟ್ಟಿಗೆಯ ಮೇಲೆ ಎಷ್ಟು ಕಣ್ಣು ಇರುತ್ತದೆ ಎಂದು ಆಗ ನೋಡಿದೆ. ಒಬ್ಬರು ಸ್ಪೀಕರಿನ ಬಟ್ಟೆ ಎತ್ತಿ ಬೆರಳಿನಿಂದ ತಟ್ಟಿ ನೋಡಿದರು, ಕಲ್ಲಂಗಡಿ ಹಣ್ಣು ತಟ್ಟಿದ ಹಾಗೆ. ಇನ್ನೊಬ್ಬರು ಇನ್ನು ಇದನ್ನ ಯಾರು ಕೇಳಬೇಕು ಎಂದು ಮರುಗುತ್ತಾ, ನಮ್ಮ ಮೊಮ್ಮಗನಿಗೆ ಡಾನ್ಸಿನ ಹುಚ್ಚು ಬಹಳ ಎಂದರು. ನಾನು ಚಹಾ ಕೊಟ್ಟು ಕಳಿಸಿದೆ. ಅವರ ಬೆರಳಿನ ಎಣ್ಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ.

ವರ್ಷದ ಕೊನೆಯಲ್ಲಿ ಒಂದು ದಿನ ಮುಂಜಾನೆ ಇವರ ಫೋನು ಟಿಂಗ್ ಎಂದಿತು. ನೋಡಿದರೆ ಸಂಗೀತದ ಕಂಪನಿಯಿಂದ ಇವರ ಹೆಸರಿಗೆ ಅಭಿನಂದನೆ. ಬಣ್ಣ ಬಣ್ಣದ ಚಿತ್ತಾರ, ಬಲೂನು, ಮಿನುಗು. ನಿಮ್ಮ ವರ್ಷ ಬಹಳ ಚೆನ್ನಾಗಿ ಕಳೆಯಿತು ಎಂದು ಶುರು. ಮುಟ್ಟಿದಂತೆ ಒಂದೊಂದೇ ಪುಟ ತೆರೆಯುತ್ತಾ ಹೋಯಿತು. ನೀವು ಹೋದ ವರ್ಷಕ್ಕಿಂತ ಹೆಚ್ಚು ಕೇಳಿದ್ದೀರಿ. ನಿಮಗೆ ಕುಣಿತದ ಸಂಗೀತವೆಂದರೆ ಪ್ರಾಣ. ವರ್ಷದ ನಿಮ್ಮ ಅಚ್ಚುಮೆಚ್ಚಿನ ಹಾಡು ಇದು ಎಂದು, ಗಣಪತಿ ಕಳಿಸುವಾಗ ಹುಡುಗರು ಅಂಗಿ ಬಿಚ್ಚಿ ಕುಣಿಯುವಂಥ ಒಂದು ಹಾಡನ್ನು ತಾನೇ ಹಾಡತೊಡಗಿತು. ಗೆಳೆಯರಿಗೆ ತಿಳಿಸಿ ಎಂದು ಕೆಳಗೆ ಒಂದು ಗುಂಡಿ.

ಫೋನನ್ನು ತಲೆದಿಂಬಿನ ಕೆಳಗೆ ಒತ್ತಿ ಹಿಡಿದೆ, ಹಾಡು ದಿಂಬಿನೊಳಗಿಂದಲೂ ಬಡಿಯುತ್ತಿತ್ತು. ಮಣ್ಣಾದ ಮನುಷ್ಯನ ಬಾಯಿಗೆ ಯಾರೋ ಜಗಿದದ್ದನ್ನು ತುರುಕಿ, ಎಷ್ಟು ರುಚಿಯಾಗಿ ಉಂಡಿರಿ ಎಂದು ಬೆನ್ನು ತಟ್ಟಿದ ಹಾಗಾಯಿತು. ಇದನ್ನು ಮಾಡಿದವರು ಯಾರೂ ಅಲ್ಲ, ಒಂದು ಯಂತ್ರ ಎಂದು ಮಗಳು ಆಮೇಲೆ ಸಮಾಧಾನ ಹೇಳಿದಳು. ಅದರಿಂದ ಹೇಸಿಗೆ ಇನ್ನೂ ಹೆಚ್ಚಾಯಿತು. ಬೈಯಲಿಕ್ಕೂ ಒಂದು ಮುಖ ಇರಲಿಲ್ಲ.

ನರಗುಂದದ ಬಸ್ಸು ಹಿಡಿದೆ. ಇಷ್ಟು ದಿನ ಹೇಳದೆ ಇದ್ದದ್ದನ್ನು ಹೇಳಿಬಿಡುವುದು, ಅವರ ಅವರ ಫೋನಿನಿಂದ ಆ ಖಾತೆಯನ್ನು ಅವರೇ ತೆಗೆದುಹಾಕಲಿ, ಪೆಟ್ಟಿಗೆಗೆ ಏನೂ ಆಗದಿರಲಿ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ.

ಗುಡ್ಡದ ಕೆಳಗಿನ ಅವನ ಅಂಗಡಿಯ ಮುಂದೆ ಟೆಂಪೋ ನಿಂತಿತ್ತು. ಮೆಣಸಗಿಯ ಮದುವೆಗೆ ಸೌಂಡು ಹೋಗಬೇಕಾಗಿತ್ತಂತೆ. ಟೆಂಪೋದ ಮೇಲಿನ ಪೆಟ್ಟಿಗೆಗಳಿಂದ ಒಬ್ಬ ಮುದುಕ ಆಲಾಪ ಮಾಡುತ್ತಿದ್ದ, ಬೀದಿ ನಾಯಿ ಬೆದರಿ ಓಡುವಷ್ಟು ಜೋರಾಗಿ. ಅದು ಇವರು ಆಯ್ದಿಟ್ಟ ಹಾಡುಗಳಲ್ಲಿ ಒಂದೆಂದು ನನಗೆ ತಿಳಿಯಿತು. ಗಂಟಲು ಕೆರೆದದ್ದರಿಂದ ಗುರುತು ಹಿಡಿದೆ. ನಾದಿನಿಯ ಗಂಡ ನನ್ನನ್ನು ಕಂಡು ಓಡಿ ಬಂದ. ಬಾಯಿ ತುಂಬ ಗುಟ್ಕಾ. ತಲೆ ಮೇಲೆತ್ತಿ, ಕೆಂಪು ರಸ ಚೆಲ್ಲದ ಹಾಗೆ ತುಟಿ ಮುಂದೆ ಮಾಡಿ ಮಾತಾಡಿದ.

"ಬರ್ರಿ ಅಕ್ಕಾರ. ಮಾಮಾನ ಹಾಡು ಭಾಳ ಕ್ಲಿಯರ್ ಅದಾವ್ರಿ. ತಂಬೂರಿ ಹಚ್ಚಿದ್ರ ಯಾವ ಬಾಕ್ಸ್ ಒಡದೈತಿ ಲಗೂನ ಗೊತ್ತಾಕ್ಕೈತಿ."

ಹೇಳಿ ಟೆಂಪೋದ ಗಾಲಿಯ ಬುಡಕ್ಕೆ ಉಗುಳಿದ. ಒಂದು ಹನಿ ಕೈಯಲ್ಲಿದ್ದ ಫೋನಿನ ಗಾಜಿನ ಮೇಲೆ ಸಿಡಿಯಿತು, ಹಾಡುವವರ ಚಿತ್ರದ ಮೇಲೆ. ಅದನ್ನು ಅಂಗಿಗೆ ಒರೆಸಿಕೊಂಡ. ನಾನು ಮುಖ ತಿರುಗಿಸಿ ಅಂಗಡಿಯ ಹಿಂದಿನ ಮನೆಗೆ ಹೋದೆ.

ನಾದಿನಿ ನೀರು ಕೊಟ್ಟಳು, ಅಣ್ಣನ ನೆನಪು ತೆಗೆದು ಅತ್ತಳು, ಚಹಾ ಇಟ್ಟಳು. ಅವಳಿಗೆ ನಾನು ಎಲ್ಲ ಹೇಳಿದೆ. ಅಭಿನಂದನೆ ಬಂದದ್ದು ಹೇಳಿದೆ, ಹಳದಿ ದೀಪದ ವಿಷಯ ಹೇಳಿದೆ. ಹಾಡು ಅರ್ಧಕ್ಕೆ ನಿಂತು ಒಳಗೇ ಇದೆ ಎಂದಾಗ ಅವಳು ಚಹಾ ಕಲಕುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಅಣ್ಣ ಮುಟ್ಟಿದ್ದು ಹಂಗ ಐತೇನ್ರಿ ವೈನಿ ಎಂದು ಮೆಲ್ಲಗೆ ಕೇಳಿದಳು. ಹಂಗ ಐತಿ ಎಂದೆ. ತಾನು ಒಂದು ಸಲ ಬಂದು ಆ ದೀಪ ನೋಡುತ್ತೇನೆ ಎಂದಳು.

ಅಷ್ಟರಲ್ಲಿ ಅವಳ ಗಂಡ ಒಳಗೆ ಬಂದ. ನಾನು ಅವನಿಗೆ ಹೇಳಿದ್ದು ಇಷ್ಟೇ: ಇನ್ನು ಮೇಲೆ ನೀವು ಆ ಖಾತೆಯಲ್ಲಿ ಹಾಡು ಹಾಕಬೇಡಿರಿ, ಇವರ ಹೆಸರಿಗೆ ಹೊಲಸು ಬರುತ್ತದೆ. ಮುಂದಿನ ಮಾತು ಹೇಳಲು ಬಾಯಿ ತೆರೆದಿದ್ದೆ. ಅವನಿಗೆ ನಾಚಿಕೆಯಾಯಿತು. ಬೈದರೂ ಸಿಟ್ಟಾಗುವ ಮನುಷ್ಯನಲ್ಲ ಅವನು, ಹೇಳಿದ ಕೆಲಸ ಆ ಗಳಿಗೆಯಲ್ಲೇ ಮಾಡಿ ಮುಗಿಸುವವನು. ತಪ್ಪಾತ್ರಿ ಅಕ್ಕಾರ, ಕೊಡ್ರಿಲ್ಲೆ ಎಂದು ಚಾಪೆಯ ಮೇಲೆ ನನ್ನ ಪಕ್ಕದಲ್ಲಿದ್ದ ಇವರ ಫೋನು ಎತ್ತಿಕೊಂಡ. ಅವನ ಹೆಬ್ಬೆರಳು ಎಷ್ಟು ಚುರುಕೆಂದರೆ ಏನು ಒತ್ತುತ್ತಿದ್ದಾನೆ ಎಂದು ಕಾಣಲೇ ಇಲ್ಲ. ನಾದಿನಿ ಮೊದಲು ತಿಳಿದುಕೊಂಡಳು. ಚಮಚ ಒಗೆದು ಫೋನಿಗೆ ಕೈ ಹಾಕಿದಳು.

"ಆತ್ರಿ," ಎಂದ ಅವನು, ಫೋನು ನನ್ನ ಕೈಗೆ ಕೊಡುತ್ತಾ. "ಎಲ್ಲಾರನೂ ಹೊರಗ ಹಾಕೀನಿ. ಪಾಸ್‌ವರ್ಡ್ ಸುದ್ದಾ ಹೊಸಾದು. ಇನ್ನ ಖಾತೆ ಸ್ವಚ್ಛ ಆತು ನೋಡ್ರಿ."

"ರೋಣದ್ದೂ ಹಾಕಿದ್ರಿ?" ಎಂದಳು ನಾದಿನಿ.

"ಎಲ್ಲಾ ಅಂದ್ರ ಎಲ್ಲಾ."

ಚಹಾ ಒಲೆಯ ಮೇಲೆ ಉಕ್ಕಿತು. ಯಾರೂ ಎದ್ದು ಆರಿಸಲಿಲ್ಲ. ನಾದಿನಿ ಗಂಡನ ಮುಖ ನೋಡದೆ ಹೇಳಿದಳು, "ಹೊರಗ ಹೋಗಿ ಬಾಯಿ ತೊಳಕೊಂಡ ಬರ್ರಿ. ಆ ಬಾಯಿ ತಗೊಂಡ ನನ್ನ ಮುಂದ ನಿಂದರಬ್ಯಾಡ್ರಿ."

ಆದದ್ದೇನೆಂದು ಅವಳೇ ಅವನ ಹಿಂದೆ ಹೋಗಿ ಹೇಳಿರಬೇಕು. ಬಾಯಿ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಗದ್ದದ ಮೇಲಿ‌ನಿಂದ ನೀರು ತೊಟ್ಟಿಕ್ಕುತ್ತಿತ್ತು. ಮತ್ತೆ ಲಾಗಿನ್ ಮಾಡಿದರೆ ಬಂತಲ್ಲ, ಅದೇ ಹಾಡು ಅಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ ಎಂದು ಎರಡು ಸಲ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ. ಹಾಡು ಹೋಗುವುದಿಲ್ಲ. ಬೈಯಬೇಕೆಂದು ಬಂದವಳು ನಾನು. ಇವರ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದೆ. ಅವನ ಮುಖ ನೋಡಿದರೆ ಅಸಹ್ಯ, ಆ ಮುಖದಲ್ಲಿದ್ದ ಒಳ್ಳೆಯತನ ನೋಡಿದರೆ ಇನ್ನೂ ಅಸಹ್ಯ. ಕೆಟ್ಟವನಾಗಿದ್ದರೆ ಬೈಯುವುದು ಎಷ್ಟು ಸಸಾರವಿತ್ತು.

ನಾದಿನಿ ಚೀಲದಲ್ಲಿ ಒಂದು ಸೀರೆ ತುರುಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಚಾಲಕ ಹಾಡು ಹಾಕಿದ್ದ. ನಾವು ಇಬ್ಬರೂ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂತೆವು. ನೋಡಿದವರು ಗಾಳಿಗೆ ಅಂದುಕೊಂಡಿರಬೇಕು.

ಮನೆಗೆ ಬಂದು ನೋಡಿದರೆ ಹಳದಿ ದೀಪ ಇರಲಿಲ್ಲ. ಪರದೆ ತಾನೇ ಹೊತ್ತಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಸ್ವಾಗತ, ಶುರು ಮಾಡೋಣ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾದಿನಿ ಆ ಬೆಳಕಿನ ಮುಂದೆ ಕೂತು, ದೀಪ ಎಲ್ಲಿತ್ತು ಎಂದು ಕೇಳಿದಳು. ಮೂಲೆ ತೋರಿಸಿದೆ. ಅವಳು ಆ ಮೂಲೆಯ ಮೇಲೆ ಬೆರಳು ಇಟ್ಟಳು.

ಬೆಳಗಾದರೆ ಆ ಪೆಟ್ಟಿಗೆಯ ವೈರು ಕಿತ್ತು ಹೊರಗೆ ಇಡಬೇಕೆಂದು ಆ ಸಂಜೆ ಅಂದುಕೊಂಡೆ. ಮರುದಿನ ಗಜೇಂದ್ರಗಡದಿಂದ ಮಗಳು ಬಂದಳು. ಅವಳು ಅಳಲಿಲ್ಲ, ನನ್ನ ಜೊತೆ ಜಗಳ ತೆಗೆದಳು. ನರಗುಂದದವರಿಗೆ ಹೇಳಬೇಕಾದ್ದನ್ನು ಅಪ್ಪನಿದ್ದಾಗ ಯಾರೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ, ಈಗ ಪೆಟ್ಟಿಗೆಯ ಮೇಲೆ ಸಿಟ್ಟು ಯಾಕೆ ಎಂದಳು. ಆ ಹಾಡನ್ನು ಹುಡುಕುತ್ತೇನೆ, ಅದನ್ನು ಪೂರ್ತಿ ಕೇಳು, ಆಮೇಲೆ ಬೇಕಾದರೆ ಕಿತ್ತು ಹಾಕು ಎಂದಳು. ಹೊಸ ಪಾಸ್‌ವರ್ಡಿನಿಂದ ಪೆಟ್ಟಿಗೆಯನ್ನು ಮತ್ತೆ ಒಳಗೆ ಸೇರಿಸಿದಳು. ಹಿಂದೆ ಕೇಳಿದ ಹಾಡುಗಳ ಸಾಲಿನಲ್ಲಿ ಕೆಳಗೆ ಕೆಳಗೆ ಹೋದಳು. ಎಷ್ಟು ತಿಂಗಳ ಕುಣಿತದ ಹಾಡುಗಳು ಅವಳ ಬೆರಳಿನ ಕೆಳಗೆ ಸರಿದು ಹೋದವೋ. ಕಸದ ತಿಪ್ಪೆಯಲ್ಲಿ ಮೂಗುತಿ ಹುಡುಕಿದ ಹಾಗಿತ್ತು ಅದು, ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ ಸಿಕ್ಕಿತು ಎಂದಳು.

ಮೂವರೂ ನೆಲದ ಮೇಲೆ ಕೂತೆವು. ನಾನು ಇವರು ಕೂಡುತ್ತಿದ್ದ ಕುರ್ಚಿಯನ್ನು ಖಾಲಿ ಬಿಟ್ಟೆ, ಯಾರೂ ಅದರ ಕಡೆ ನೋಡಲಿಲ್ಲ. ಮಗಳು ಒತ್ತಿದಳು. ತಂಬೂರಿ ಶುರುವಾಯಿತು. ಇಷ್ಟು ವರ್ಷ ಈ ಮನೆಯಲ್ಲಿದ್ದೂ ನಾನು ಒಂದು ರಾಗವನ್ನು ಕೂತು ಕೇಳಿದ್ದು ಅದೇ ಮೊದಲು. ಮುದುಕ ಬಹಳ ನಿಧಾನವಾಗಿ, ಒಂದು ಸ್ವರದ ಸುತ್ತ ಸುತ್ತಿ, ಅದನ್ನು ಮುಟ್ಟದೆ ಹಿಂದೆ ಬರುತ್ತಿದ್ದ. ಮಾರವಾ ಹಾಗೇ ಇರುತ್ತದಂತೆ, ಮನೆ ಸೇರುವುದೇ ಇಲ್ಲ ಎಂದು ಇವರು ಯಾವಾಗಲೋ ಹೇಳಿದ್ದು ನೆನಪಾಯಿತು. ಆಗ ನಾನು ಲಕ್ಷ್ಯ ಕೊಟ್ಟಿರಲಿಲ್ಲ.

"ಎಲ್ಲಿ ನಿಂದರಿಸಿದ್ದಾ ವೈನಿ?" ಎಂದಳು ನಾದಿನಿ.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಅಡುಗೆಮನೆ, ಕೈಯಲ್ಲಿ ಹಿಟ್ಟು, ಹೊರಗೆ ಕೂಗಿದ ದನಿ. ಆ ದನಿಗೆ ಮೊದಲು ಯಾವ ಸ್ವರ ಇತ್ತು? ತಬಲ ಶುರುವಾಗಿತ್ತೋ ಇಲ್ಲವೋ? ನನ್ನ ಕೈಯ ಸದ್ದು ಬಿಟ್ಟರೆ ಏನೂ ನೆನಪಿಗೆ ಬರಲಿಲ್ಲ. ಗೊತ್ತಿಲ್ಲ ಎಂದೆ. ಇಲ್ಲಿ ಇರಬಹುದು ಎಂದು ನಾದಿನಿ ಒಂದು ಕಡೆ ಉಸಿರು ಹಿಡಿದಳು. ಇನ್ನೊಂದು ಕಡೆ ಮಗಳು ತಲೆ ಎತ್ತಿದಳು. ನಾನೂ ಒಂದೆರಡು ಸಲ ಇಲ್ಲೇ ಅಂದುಕೊಂಡೆ.

ತಬಲ ಬಂತು, ಲಯ ಏರಿತು, ಮುದುಕನ ದನಿ ಮೇಲಕ್ಕೆ ಹೋಯಿತು. ಎಲ್ಲೋ ಒಂದು ಕಡೆ ಇವರು ಎದ್ದು ಹೋದ ಜಾಗ ಬಂತು, ದಾಟಿ ಹೋಯಿತು. ನಮಗೆ ತಿಳಿಯಲಿಲ್ಲ. ಏನೂ ಕಳೆಯದ ಹಾಗೆ ಕಾಪಾಡಿ ತಂದ ಆ ಸಂಗೀತದಲ್ಲಿ, ಆ ಜಾಗದಲ್ಲಿ ಒಂದು ಗೀರು ಕೂಡ ಇರಲಿಲ್ಲ.